ಬಾಲ್ ಕ್ಲಾಕ್: 11 ಗುಂಡು ನೆಟ್ಟಗೆ, ಒಂದು ಸೊಟ್ಟ

ಮೊದಲ ವಾರ ಪೂರ್ತಿ ತೂತು ಕೊರೆಯುವುದರಲ್ಲೇ ಹೋಯಿತು.

ಮಾಡುತ್ತಿರುವುದು 1940ರ ದಶಕದ ಕೊನೆಯಲ್ಲಿ ಬಂದ 'ಬಾಲ್ ಕ್ಲಾಕ್' ಅನ್ನುವ ಗೋಡೆ ಗಡಿಯಾರದ ನಕಲು. 12 ಹಿತ್ತಾಳೆ ಕಡ್ಡಿ, ತುದಿಗೊಂದು ಮರದ ಗುಂಡು. ಅಂಕಿ ಇಲ್ಲವೇ ಇಲ್ಲ. ಅಮೆರಿಕದ ಹೋವರ್ಡ್ ಮಿಲ್ಲರ್ ಕಂಪನಿ ಇದನ್ನು ವಿನ್ಯಾಸಕಾರ ಜಾರ್ಜ್ ನೆಲ್ಸನ್ ಹೆಸರಲ್ಲಿ ಮಾರಿತು. ನೆಲ್ಸನ್ ಹೇಳುತ್ತಿದ್ದ ಕತೆ ಮಜವಾಗಿದೆ: ಶಿಲ್ಪಿ ನೊಗುಚಿ, ವಾಸ್ತುಶಿಲ್ಪಿ ಬಕ್‌ಮಿನ್‌ಸ್ಟರ್ ಫುಲ್ಲರ್, ತನ್ನ ಆಫೀಸಿನ ಹಾರ್ಪರ್, ತಾನು ಎಲ್ಲ ಸೇರಿ ಒಂದು ರಾತ್ರಿ ಕುಡಿಯುತ್ತಾ ಕಾಗದದ ಸುರುಳಿ ಮೇಲೆ ಗೀಚಿದರಂತೆ, ಬೆಳಗ್ಗೆ ನೋಡಿದರೆ ಗಡಿಯಾರ ಇತ್ತಂತೆ, ಯಾರು ಬರೆದದ್ದೋ ಗೊತ್ತಾಗಲಿಲ್ಲವಂತೆ! ಈಗ ಹೆಚ್ಚಿನವರು ಒಪ್ಪುವುದು, ಅದು ನೆಲ್ಸನ್ ಆಫೀಸಿನಲ್ಲಿ ಕೆಲಸಕ್ಕಿದ್ದ ಇರ್ವಿಂಗ್ ಹಾರ್ಪರ್ ಕೈಕೆಲಸ ಅಂತ.

ಗುಂಡಿಗೆ ಮನೆಯಲ್ಲೇ ಡ್ರಿಲ್ ಹಿಡಿದೆ. ಗುಂಡು ಉರುಳುತ್ತದೆ, ಬಿಟ್ ಜಾರುತ್ತದೆ. ಐದು ಗುಂಡು ಕಸಕ್ಕೆ. ಕೊನೆಗೆ ಚನ್ನಪಟ್ಟಣಕ್ಕೆ ಹೋಗಿ ಬೊಂಬೆ ಕಡೆಯುವವರೊಬ್ಬರ ಮುಂದೆ ಇಟ್ಟೆ. ನೋಡಿ ನಕ್ಕರು. "ಗುಂಡು ಆದ್ಮೇಲೆ ತೂತು ಹೊಡೀಬಾರ್ದು ಸಾರ್, ತಿರುಗ್ತಿರುವಾಗ್ಲೇ ಹೊಡೀಬೇಕು." ಆಲೆ ಮರದ ತುಂಡನ್ನು ಲೇತ್‌ಗೆ ಸಿಕ್ಕಿಸಿ, ಮೊದಲು ತೂತು, ಆಮೇಲೆ ದುಂಡಗೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರು, ಬಿಸಿಗೆ ಕೆಂಪು ಬಣ್ಣ ಕರಗಿ ಹತ್ತಿತು. ತಾಳೆಗರಿ ಹಿಡಿದು ಉಜ್ಜಿದರು. ಹೊಳಪು ಬಂತು ನೋಡಿ! ಒಂದು ಗುಂಡಿಗೆ ಐದು ನಿಮಿಷವೂ ಹಿಡಿಯಲಿಲ್ಲ. ನನ್ನ ಒಂದು ವಾರ ನೆನೆದು ಸುಮ್ನೆ ನಿಂತಿದ್ದೆ.

ಎರಡನೇ ವಾರ ಜೋಡಣೆ. ಮೂಲದ ಹಾಗೆ ಅಡ್ಡಳತೆ 33 ಸೆಂಟಿಮೀಟರ್, ಕಡ್ಡಿಯಿಂದ ಕಡ್ಡಿಗೆ 30 ಡಿಗ್ರಿ. ಏಳು ಗಂಟೆಯ ಕಡ್ಡಿಗೆ ಹಾಕಿದ ಅಂಟು ಒಣಗುವ ಮೊದಲೇ ಕೈ ತಗುಲಿತು. ಒಂದು ಡಿಗ್ರಿ ವಾಲಿದೆ ಅಷ್ಟೇ. ಅಂಕಿ ಇದ್ದಿದ್ದರೆ ಮುಚ್ಚಿಹೋಗುತ್ತಿತ್ತು. ಇಲ್ಲಿ ಕಣ್ಣು ಸೀದಾ ಅಲ್ಲಿಗೇ ಹೋಗುತ್ತದೆ.

"ನಂಬರೇ ಇಲ್ಲವಲ್ಲೋ" ಅಂದರು ಅಮ್ಮ. ಅರ್ಧ ಗಂಟೆ ಬಿಟ್ಟು ಅಡುಗೆಮನೆಯಿಂದಲೇ "ಹನ್ನೊಂದೂ ಕಾಲಾಯ್ತು, ಊಟಕ್ಕೇನು ಮಾಡ್ಲಿ?" ನಾವು ಗಂಟೆ ನೋಡುವುದು ಮುಳ್ಳಿನ ಓರೆಯಿಂದ, ಅಂಕಿಯಿಂದಲ್ಲ. ನೆಲ್ಸನ್ ಆಫೀಸಿನ ಲೆಕ್ಕಾಚಾರವೂ ಇದೇ ಆಗಿತ್ತು.

ಹಾರ್ಪರ್ ಮಾಡಿದ್ದು ಗಡಿಯಾರ ಒಂದೇ ಅಲ್ಲ. ಹರ್ಮನ್ ಮಿಲ್ಲರ್ ಅನ್ನುವ ಪೀಠೋಪಕರಣ ಕಂಪನಿಯ ಆ ಬಾಗಿದ 'ಎಂ' ಅಕ್ಷರದ ಗುರುತು ಅವರದ್ದೇ. ಜಾಹೀರಾತಿಗೆ ಹಾಕಲು ಪೀಠೋಪಕರಣದ ಫೋಟೋ ಇರಲಿಲ್ಲ, ಅದಕ್ಕೇ ದೊಡ್ಡ ಅಕ್ಷರ ಬರೆದರು. 1956ರ ಮಾರ್ಷ್‌ಮ್ಯಾಲೋ ಸೋಫಾ, 18 ದುಂಡು ಮೆತ್ತೆಯದ್ದು, ಅದೂ ಅವರದೇ. ಅಗ್ಗದ ಫೋಮ್ ಬಿಲ್ಲೆ ತೋರಿಸಲು ಬಂದ ಒಬ್ಬ ಸೇಲ್ಸ್‌ಮನ್‌ನಿಂದ ಶುರುವಾದ ಯೋಚನೆ. ಬಿಲ್ಲೆ ಕೈಕೊಟ್ಟಿತು, ಸೋಫಾ ಉಳಿಯಿತು. ಹೆಸರು ಮತ್ತೆ ನೆಲ್ಸನ್‌ದು. ಆಗಿನ ಆಫೀಸುಗಳ ರೂಢಿ ಹಾಗೇ ಇತ್ತು ಅನ್ನುತ್ತಾರೆ. ನನಗಂತೂ ಸರಿ ಅನಿಸುವುದಿಲ್ಲ.

ನನಗೆ ಜಾಸ್ತಿ ಇಷ್ಟ ಹಾರ್ಪರ್ ಅವರ ಕಾಗದದ ಕೆಲಸ. 1964ರ ನ್ಯೂಯಾರ್ಕ್ ವಿಶ್ವ ಮೇಳಕ್ಕೆ ಕ್ರೈಸ್ಲರ್ ಕಾರು ಕಂಪನಿಯ ಪ್ರದರ್ಶನ ಮಂಟಪ ಮಾಡುವಾಗ ತಲೆಬಿಸಿ ಕಳೆಯಲು ಶುರು ಮಾಡಿದ್ದು. ಪ್ರಾಣಿ, ಮುಖವಾಡ, ಕಟ್ಟಡ, ನೂರಾರು. ನ್ಯೂಯಾರ್ಕ್ ಹತ್ತಿರದ ರೈ ಊರಿನ ಅವರ ಮನೆ ತುಂಬ ಅವೇ. ಮಾರಲಿಲ್ಲ. 2015ರಲ್ಲಿ, 99ನೇ ವಯಸ್ಸಿನಲ್ಲಿ ತೀರಿಕೊಂಡರು.

ಮೂರನೇ ವಾರ: ನಾನೂ ಒಂದು ಕಾಗದದ ಗೂಬೆಗೆ ಕೈ ಹಾಕಿದ್ದೇನೆ. ದಪ್ಪ ಡ್ರಾಯಿಂಗ್ ಹಾಳೆ, ಬ್ಲೇಡು, ಫೆವಿಕಾಲ್. ಮಡಿಸುವ ಗೆರೆಯನ್ನು ಅರ್ಧದಷ್ಟೇ ಕೊಯ್ಯಬೇಕು. ಎಡ ರೆಕ್ಕೆ ಪೂರ್ತಿ ಕೊಯ್ದು ಎರಡಾಗಿದೆ. ಸಣ್ಣ ಬ್ಲೇಡು ತರಬೇಕು.