ಚೆಲ್ಲೋ ಅಭ್ಯಾಸ: ‘ಟ್ರಾಯ್ಮರೈ’ ಎಲ್ಲಿಗೆ ಬಂತು

ಜರ್ಮನ್ ಸಂಗೀತ ರಚನೆಕಾರ ಶೂಮನ್ ಅವರ ‘ಟ್ರಾಯ್ಮರೈ’ ಅನ್ನುವ ಪುಟ್ಟ ರಚನೆಯ ಮೊದಲ ಎಂಟು ಬಾರ್ (ತಾಳದ ಆವರ್ತ) ಈಗ ಚೆಲ್ಲೋದಲ್ಲಿ, ಅಂದರೆ ಕೂತು ನುಡಿಸುವ ದೊಡ್ಡ ಪಿಟೀಲಿನಂಥ ವಾದ್ಯದಲ್ಲಿ, ನಿಲ್ಲದೆ ಬರುತ್ತಿದೆ. ಶುರುವಿನಲ್ಲೇ ‘ಸಿ’ಯಿಂದ ‘ಎಫ್’ಗೆ ಹೋಗಿ ಅಲ್ಲೇ ನಿಲ್ಲಬೇಕು. ಆ ಉದ್ದನೆಯ ಸ್ವರ ಮುಗಿಯುವ ಮೊದಲೇ ಬೋ (ತಂತಿಯ ಮೇಲೆ ಎಳೆಯುವ ಕಮಾನು) ಮುಗಿದುಹೋಗುತ್ತಿತ್ತು. ಕೈಯ ಭಾರ ಕಡಿಮೆ ಮಾಡಿ ನಿಧಾನವಾಗಿ ಎಳೆದ ಮೇಲೆ ಸ್ವಲ್ಪ ಹಿಡಿತಕ್ಕೆ ಸಿಕ್ಕಿದೆ.

ಇದೇ ತುಣುಕು ಆರಿಸಿಕೊಂಡಿದ್ದು ನಾಜಿ ಶಿಬಿರಗಳಿಂದ ಬದುಕಿ ಬಂದ ಚೆಲ್ಲೋ ವಾದಕಿ ಅನಿತಾ ಲಾಸ್ಕರ್-ವಾಲ್ಫಿಶ್ ಅವರಿಗಾಗಿ. ಮನೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಮೊದಲು ಅವರ ಕಥೆ ಹೇಳಿ, ಆಮೇಲೆ ನುಡಿಸಬೇಕು ಅಂತ ನನ್ನ ಆಸೆ. ಆ ಕಥೆಯನ್ನೂ ಇಲ್ಲೇ ಬರೆದಿಡುತ್ತೇನೆ.

ಹುಟ್ಟಿದ್ದು 1925ರಲ್ಲಿ, ಆಗ ಜರ್ಮನಿಯಲ್ಲಿದ್ದ ಬ್ರೆಸ್ಲಾವ್ ಊರಿನ ಯಹೂದಿ ಮನೆಯಲ್ಲಿ. ಅಪ್ಪ ವಕೀಲರು, ಅಮ್ಮ ಪಿಟೀಲು ನುಡಿಸುತ್ತಿದ್ದರು. 1942ರ ಏಪ್ರಿಲ್‌ನಲ್ಲಿ ಅಪ್ಪ-ಅಮ್ಮನನ್ನು ನಾಜಿಗಳು ಸಾಗಿಸಿದರು. ಇಬ್ಬರೂ ವಾಪಸ್ ಬರಲಿಲ್ಲ. ಹದಿನಾರರ ಅನಿತಾ ಮತ್ತು ಅಕ್ಕ ರೆನಾಟೆಗೆ ಕಾಗದದ ಕಾರ್ಖಾನೆಯಲ್ಲಿ ದುಡಿಮೆ. ಅಲ್ಲಿದ್ದ ಫ್ರೆಂಚ್ ಕೈದಿಗಳು ತಪ್ಪಿಸಿಕೊಳ್ಳಲಿ ಅಂತ ಈ ಹುಡುಗಿಯರು ನಕಲಿ ದಾಖಲೆ ಮಾಡಿಕೊಟ್ಟರು! ತಾವೂ ಓಡಿಹೋಗಲು ಹೊರಟಾಗ ರೈಲ್ವೆ ಸ್ಟೇಷನ್ನಿನಲ್ಲೇ ಸಿಕ್ಕಿಬಿದ್ದು ಜೈಲು ಸೇರಿದರು.

1943ರ ಡಿಸೆಂಬರ್‌ನಲ್ಲಿ ಅನಿತಾ ನಾಜಿಗಳ ಸಾವಿನ ಶಿಬಿರ ಆಶ್ವಿಟ್ಜ್‌ಗೆ ಬಂದರು. ಜೈಲಿನಿಂದ ಬಂದ ಕೈದಿಯಾದ್ದರಿಂದ, ಬದುಕು-ಸಾವು ವಿಂಗಡಿಸುವ ಸಾಲಿನಲ್ಲಿ ನಿಲ್ಲಬೇಕಾಗಿ ಬರಲಿಲ್ಲ. ತಲೆ ಬೋಳಿಸಿ, ತೋಳಿಗೆ ನಂಬರ್ ಹಚ್ಚೆ ಹಾಕುವಾಗ ಅಲ್ಲಿನ ಕೈದಿ ಹುಡುಗಿ ಮಾತಿಗೆಳೆದಳು. ಚೆಲ್ಲೋ ನುಡಿಸುತ್ತೇನೆ ಅಂತ ಅನಿತಾ ಸುಮ್ನೆ ಹೇಳಿದರು, ಅಷ್ಟೇ. ಶಿಬಿರದ ಹೆಂಗಸರ ವಾದ್ಯವೃಂದದಲ್ಲಿ ಪಿಟೀಲು, ಮ್ಯಾಂಡೊಲಿನ್, ಅಕಾರ್ಡಿಯನ್ ಇದ್ದವು. ಕೆಳ ಸ್ಥಾಯಿಗೆ ಒಂದು ವಾದ್ಯ ಬೇಕಿತ್ತು.

ಅನಿತಾ ಅವರ ಶೂ ಕಪ್ಪು, ಲೇಸು ಕೆಂಪು. ಅದು ಆ ಕೈದಿ ಹುಡುಗಿಯ ಪಾಲಾಯಿತು. ಬೇರೆ ರೈಲಿನಲ್ಲಿ ಬಂದ ರೆನಾಟೆ ಆ ಶೂ ನೋಡಿ ಗುರುತು ಹಿಡಿದು ವಿಚಾರಿಸಿದರು. ಹಾಗೆ ಅಕ್ಕ-ತಂಗಿ ಮತ್ತೆ ಒಂದಾದರು. ಈ ಭಾಗ ಹೇಳುವಾಗ ನನ್ನ ಗಂಟಲು ಪ್ರತಿ ಸಲ ಕಟ್ಟುತ್ತದೆ.

ವಾದ್ಯವೃಂದದ ಕೆಲಸ ದುಡಿಯಲು ಹೋಗುವ, ಬರುವ ಕೈದಿಗಳಿಗೆ ಗೇಟಿನ ಹತ್ತಿರ ಮಾರ್ಚ್ (ಹೆಜ್ಜೆ ಹಾಕುವ ಲಯದ ಸಂಗೀತ) ನುಡಿಸುವುದು. ಹೆಸರಾಂತ ಸಂಗೀತ ರಚನೆಕಾರ ಮಾಹ್ಲರ್ ಅವರ ತಂಗಿಯ ಮಗಳು ಆಲ್ಮಾ ರೋಸೆ ಅದರ ನಿರ್ದೇಶಕಿ. ಅಪಸ್ವರವನ್ನು ಆಕೆ ಸಹಿಸುತ್ತಲೇ ಇರಲಿಲ್ಲ. ‘ಟ್ರಾಯ್ಮರೈ’ ನುಡಿಸು ಅಂತ ಅನಿತಾರನ್ನು ಕೇಳಿದ್ದು ಶಿಬಿರದ ನಾಜಿ ವೈದ್ಯ ಮೆಂಗೆಲೆ. ಜನರನ್ನು ಗ್ಯಾಸ್ ಚೇಂಬರಿಗೆ ಕಳಿಸುತ್ತಿದ್ದವನು ಅವನೇ.

ಇದನ್ನು ತಿಳಿದ ಮೇಲೆ ನನ್ನ ನುಡಿಸಾಣಿಕೆ ಬದಲಾಗಿದೆ. ಮೊದಲೆಲ್ಲ ಪ್ರತಿ ಸ್ವರಕ್ಕೂ ಜಾಸ್ತಿ ಕಂಪನ ಕೊಟ್ಟು ಅಳಿಸುವ ಹಾಗೆ ನುಡಿಸುತ್ತಿದ್ದೆ. ಸಂಗೀತ ಅವರನ್ನು ಉಳಿಸಿತು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕೊಲ್ಲುವವರಿಗೆ ಒಂದು ಚೆಲ್ಲೋ ಬೇಕಿತ್ತು, ಅದಕ್ಕೆ ಉಳಿದರು. ಹಾಗಾಗಿ ಕಂಪನ ಕಡಿಮೆ ಮಾಡಿ ನೇರವಾಗಿ ನುಡಿಸುತ್ತಿದ್ದೇನೆ.

1944ರ ಕೊನೆಗೆ ಅನಿತಾರನ್ನು ಬೆರ್ಗೆನ್-ಬೆಲ್ಸೆನ್ ಅನ್ನುವ ಇನ್ನೊಂದು ನಾಜಿ ಶಿಬಿರಕ್ಕೆ ಸಾಗಿಸಿದರು. 1945ರ ಏಪ್ರಿಲ್ 15ರಂದು ಬ್ರಿಟಿಷರು ಬಂದು ಬಿಡಿಸಿದರು. ಅದೇ ವರ್ಷ ಶಿಬಿರದ ಸಿಬ್ಬಂದಿಯ ಮೇಲೆ ಲ್ಯೂನೆಬರ್ಗ್ ಊರಿನಲ್ಲಿ ನಡೆದ ವಿಚಾರಣೆಯಲ್ಲಿ ಸಾಕ್ಷಿ ಹೇಳಿ, 1946ರಲ್ಲಿ ಬ್ರಿಟನ್ನಿಗೆ ಹೋದರು. ಇಂಗ್ಲಿಷ್ ಚೇಂಬರ್ ಆರ್ಕೆಸ್ಟ್ರಾ ಕಟ್ಟಿದವರಲ್ಲಿ ಒಬ್ಬರಾದರು. ಮಗ ರಫಾಯೆಲ್ ಕೂಡ ಚೆಲ್ಲೋ ವಾದಕ. ದಶಕಗಳ ಕಾಲ ಜರ್ಮನಿಗೆ ಕಾಲಿಡದವರು 2018ರಲ್ಲಿ ಅಲ್ಲಿನ ಸಂಸತ್ತಿನಲ್ಲೇ ಮಾತಾಡಿದರು.

ಮುಂದಿನ ಕೆಲಸ: ಕೊನೆಯ ಸಾಲಿನ ಎತ್ತರದ ಸ್ವರ ಇನ್ನೂ ಸ್ಥಾನ ತಪ್ಪುತ್ತಿದೆ, ಅದನ್ನು ತಿದ್ದಬೇಕು. ಜೊತೆಗೆ ಪಿಯಾನೋ ನುಡಿಸುವವರನ್ನು ಹುಡುಕಬೇಕು.