ಕಲ್ಚರ್ ರಿಪೋರ್ಟಿಗೆ ಮೂರು ದಿನ ಯಾಕೆ ಅಂತ ಕೇಳುವವರಿಗೆ

ನಾನು ಉಡುಪಿಯ ಒಂದು ಲ್ಯಾಬಿನಲ್ಲಿ ಮೈಕ್ರೋಬಯಾಲಜಿ ನೋಡಿಕೊಳ್ಳುವವಳು. ಡಿಎಂಎಲ್‌ಟಿ, ಅಂದರೆ ಲ್ಯಾಬ್ ಟೆಕ್ನೀಷಿಯನ್ ಡಿಪ್ಲೊಮಾ ಓದುವ ಮಕ್ಕಳು ಟ್ರೈನಿಂಗಿಗೆ ಬರುತ್ತಾರೆ, ಅವರಿಗೆ ಕಲಿಸುವುದೂ ನಾನೇ. ಕೌಂಟರಿನಲ್ಲಿ, ಸಿಟಿ ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಎಲ್ಲ ಕಡೆ ನನಗೆ ಒಂದೇ ಪ್ರಶ್ನೆ. ಯೂರಿನ್ ಕಲ್ಚರಿಗೆ, ಅಂದರೆ ಮೂತ್ರದಲ್ಲಿ ಸೋಂಕಿನ ಬ್ಯಾಕ್ಟೀರಿಯಾ ಹುಡುಕುವ ಪರೀಕ್ಷೆಗೆ, ಮೂರು ದಿನ ಯಾಕೆ? ಪಾಯಸ ಬಡಿಸುವಾಗ ಮೂತ್ರದ ವಿಷಯ ಮಾತಾಡಲು ನನಗೇನೂ ಬೇಜಾರಿಲ್ಲ, ಪಕ್ಕದಲ್ಲಿ ಕೂತವರಿಗೆ ಇರುತ್ತದೆ. ಹಾಗಾಗಿ ಬರೆದೇ ಇಡುತ್ತೇನೆ.

ಬ್ಯಾಕ್ಟೀರಿಯಾ ಬೆಳೆಯಬೇಕು. ಅದಕ್ಕೆ ಮೂರು ದಿನ. ಇಷ್ಟೇ ಉತ್ತರ.

ಇಷ್ಟಕ್ಕೆ ಯಾರೂ ಬಿಡುವುದಿಲ್ಲ. "ಡೆಂಗ್ಯೂ ಇಪ್ಪತ್ತು ನಿಮಿಷದಲ್ಲಿ ಹೇಳ್ತೀರಿ, ಮಲೇರಿಯಾ ಮಧ್ಯಾಹ್ನದೊಳಗೆ ಹೇಳ್ತೀರಿ, ಇದಕ್ಕೆ ಎಂತ ಅಷ್ಟು?" ಡೆಂಗ್ಯೂ ಕಾರ್ಡ್ ಏನನ್ನೂ ಬೆಳೆಸುವುದಿಲ್ಲ ಮಾರಾಯ್ರೆ, ರಕ್ತದಲ್ಲಿ ಆಗಲೇ ಇರುವುದನ್ನು ಹಿಡಿದು ಗೆರೆ ತೋರಿಸುತ್ತದೆ. ಮಲೇರಿಯಾ ಪರಾವಲಂಬಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿಯೇ ಗುರುತಿಸಬಹುದು. ಬ್ಯಾಕ್ಟೀರಿಯಾ ಹಾಗಲ್ಲ. 1884ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಹೇಳಿಕೊಟ್ಟ ಬಣ್ಣ ಹಾಕುವ ಕ್ರಮವನ್ನೇ ಇವತ್ತಿಗೂ ಮಾಡುತ್ತೇವೆ. ಅದರಲ್ಲಿ ಕಾಣುವುದು ನೇರಳೆಯೋ ಕೆಂಪೋ, ಗುಂಡಗಿದೆಯೋ ಕಡ್ಡಿಯಂತಿದೆಯೋ ಅಂತ ಮಾತ್ರ. ಉರಿಮೂತ್ರ ತರುವ ಇ. ಕೋಲೈ, ಕ್ಲೆಬ್ಸಿಯೆಲ್ಲಾ, ಟೈಫಾಯ್ಡಿನ ಸಾಲ್ಮೊನೆಲ್ಲಾ ಮೂರೂ ಕೆಂಪು ಕಡ್ಡಿಗಳೇ. ಯಾವ ಮಾತ್ರೆಗೆ ಸಾಯುತ್ತದೆ ಅಂತ ಬಣ್ಣ ಹೇಳುವುದಿಲ್ಲ.

ಹಾಗಾಗಿ ಬೆಳೆಸುತ್ತೇವೆ. ಮೊದಲ ದಿನ 0.001 ಮಿಲಿಲೀಟರ್ ಹಿಡಿಯುವ ಒಂದು ಲೂಪಿನಿಂದ, ಅಂದರೆ ತುದಿಯಲ್ಲಿ ಪುಟ್ಟ ಬಳೆಯಿರುವ ಕಡ್ಡಿಯಿಂದ, ಮೂತ್ರವನ್ನು ಬ್ಯಾಕ್ಟೀರಿಯಾಕ್ಕೆ ಆಹಾರವಿರುವ ಜೆಲ್ಲಿಯಂಥ ಅಗಾರ್ ಪ್ಲೇಟಿನ ಮೇಲೆ ಗೆರೆ ಎಳೆದು, 35ರಿಂದ 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ರಾತ್ರಿಯಿಡೀ ಇಡುತ್ತೇವೆ. ಮರುದಿನ ಚುಕ್ಕಿಗಳು ಬಂದಿರುತ್ತವೆ. ಮ್ಯಾಕ್‌ಕಾಂಕಿ ಎಂಬ ಬಗೆಯ ಅಗಾರ್ ಪ್ಲೇಟಿನಲ್ಲಿ ಗುಲಾಬಿ ಆಗಿದ್ದರೆ ಅದು ಹಾಲಿನ ಸಕ್ಕರೆ ಲ್ಯಾಕ್ಟೋಸ್ ತಿನ್ನುವ ಜಾತಿ. ನೂರು ಚುಕ್ಕಿ ಎಂದರೆ ಒಂದು ಮಿಲಿಲೀಟರಿಗೆ ಒಂದು ಲಕ್ಷ ಬ್ಯಾಕ್ಟೀರಿಯಾ. ಅಲ್ಲಿಂದ ಮೇಲಿದ್ದರೆ ಸಾಮಾನ್ಯವಾಗಿ ಸೋಂಕು ಅಂತ ಲೆಕ್ಕ. ಆ ಚುಕ್ಕಿಯನ್ನು ಎತ್ತಿ, ಮುಲ್ಲರ್ ಹಿಂಟನ್ ಎಂಬ ಇನ್ನೊಂದು ಬಗೆಯ ಪ್ಲೇಟಿನ ತುಂಬ ಸವರಿ, ಮೇಲೆ ಆಂಟಿಬಯೋಟಿಕ್ ಹಾಕಿದ ಕಾಗದದ ಡಿಸ್ಕ್ ಇಟ್ಟು ಮತ್ತೆ ಒಂದು ರಾತ್ರಿ. ಮೂರನೇ ದಿನ ಡಿಸ್ಕಿನ ಸುತ್ತ ಖಾಲಿ ಉಳಿದ ಜಾಗವನ್ನು ಮಿಲಿಮೀಟರಿನಲ್ಲಿ ಅಳೆಯುತ್ತೇವೆ, ಅದು ಸಾಕಷ್ಟು ದೊಡ್ಡದಿದ್ದರೆ ಆ ಔಷಧಿ ಕೆಲಸ ಮಾಡುತ್ತದೆ ಅಂತ ಲೆಕ್ಕ. ದೊಡ್ಡ ಆಸ್ಪತ್ರೆಗಳಲ್ಲಿ ನಿಮಿಷದಲ್ಲಿ ಬ್ಯಾಕ್ಟೀರಿಯಾದ ಹೆಸರು ಹೇಳುವ ಮೆಷಿನ್ ಉಂಟು. ಅದಕ್ಕೂ ಸಾಮಾನ್ಯವಾಗಿ ಬೆಳೆದ ಚುಕ್ಕಿಯನ್ನೇ ಕೊಡಬೇಕು. ಭತ್ತದ ನೇಜಿಯನ್ನು, ಅಂದರೆ ಸಸಿಯನ್ನು, ಎಳೆದು ಉದ್ದ ಮಾಡಲು ಆಗುತ್ತದಾ?

ಏಪ್ರಿಲಿನ ಸೆಕೆಯಲ್ಲಿ ಒಬ್ಬರು ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ತಾಯಿಯ ಸ್ಯಾಂಪಲ್. ಮೂರು ದಿನ ಅಂದದ್ದೇ, "ಇದು ಲ್ಯಾಬಾ ಅಥವಾ ತಾಲೂಕು ಆಫೀಸಾ?" ಅಂದರು. ಟ್ರೈನಿಂಗಿನ ಹುಡುಗಿ ನಕ್ಕಳು. ನಾನು ನಗಲಿಲ್ಲ. "ಸ್ಯಾಂಪಲ್ ಯಾವಾಗ ತೆಗೆದದ್ದು?" ಅಂತ ಕೇಳಿದೆ. "ಈಗಷ್ಟೇ." "ಮಾತ್ರೆ ಏನಾದರೂ ತಗೊಂಡಿದ್ದಾರಾ?" "ಎಂತದೂ ಇಲ್ಲ."

ಮರುದಿನ ಪ್ಲೇಟಿನಲ್ಲಿ ನಾಲ್ಕು ಜಾತಿಯ ಬೆಳವಣಿಗೆ. ಯಾವುದು ರೋಗದ್ದು, ಯಾವುದು ಚರ್ಮದ್ದು, ದೇವರಿಗೇ ಗೊತ್ತು. ಮತ್ತೆ ಕೊಡಿ ಅಂತ ಫೋನ್ ಮಾಡಿದೆ. ಅವರು ಸಿಕ್ಕಲಿಲ್ಲ, ತಾಯಿಯೇ ಎತ್ತಿದರು. ಪಾಪ, ಎಲ್ಲ ಹೇಳಿದರು. ಸ್ಯಾಂಪಲ್ ತೆಗೆದದ್ದು ಬೆಳಿಗ್ಗೆ ಏಳಕ್ಕೆ, ಕಾರ್ಕಳದಲ್ಲಿ. ಮಗ ಮೊದಲು ಬ್ಯಾಂಕಿಗೆ ಹೋಗಿ, ಆಮೇಲೆ ಬಸ್ಸು ಹತ್ತಿದ್ದು. ಬಾಟಲಿ ಕೆಮ್ಮಿನ ಸಿರಪ್ಪಿನದ್ದು, "ಬಿಸಿನೀರಲ್ಲಿ ತೊಳೆದಿದ್ದೆ ಮಗಾ." ಹಿಂದಿನ ರಾತ್ರಿ ಸೊಸೆಯ ಹಳೇ ಆಂಟಿಬಯೋಟಿಕ್ ಉಳಿದದ್ದರಲ್ಲಿ ಒಂದು ಮಾತ್ರೆಯನ್ನೂ ನುಂಗಿದ್ದರು. ಅಂತೂ ನಮ್ಮ ತಾಲೂಕು ಆಫೀಸು ಒಂದೇ ದಿನದಲ್ಲಿ ಉತ್ತರ ಕೊಟ್ಟಿತು. ಅವರಿಗೆ ಅದೂ ಸಮಾಧಾನ ಆಗಲಿಲ್ಲ.

ರಿಪೋರ್ಟ್ ಯಾವಾಗ ಅಂತ ಕೇಳುವವರಲ್ಲಿ ಒಬ್ಬರಾದರೂ ಸ್ಯಾಂಪಲ್ ಹೇಗೆ ಕೊಡಬೇಕು ಅಂತ ಕೇಳುವುದಿಲ್ಲ. ಅದು ಕೇಳಿ, ನಾನು ಅರ್ಧ ಗಂಟೆ ಹೇಳಲು ತಯಾರು. ಲ್ಯಾಬಿನಲ್ಲಿ ಕೊಡುವ ಸ್ಟೆರೈಲ್ ಡಬ್ಬಿಯೇ ಬೇಕು. ಅದರ ಒಳಗೆ ಬೆರಳು ಹಾಕಬಾರದು. ಮೊದಲು ತೊಳೆದುಕೊಳ್ಳಬೇಕು. ಶುರುವಿನ ಮೂತ್ರ ಬಿಟ್ಟುಬಿಡಿ, ನಡುವಿನದ್ದನ್ನು ಹಿಡಿಯಿರಿ. ಶುರುವಿನದ್ದು ದಾರಿಯಲ್ಲಿದ್ದ ಕೀಟಾಣುಗಳನ್ನೆಲ್ಲ ತೊಳೆದುಕೊಂಡು ಬಂದಿರುತ್ತದೆ. ಎರಡು ಗಂಟೆಯೊಳಗೆ ಲ್ಯಾಬಿಗೆ ತಲುಪಬೇಕು, ಇಲ್ಲವಾದರೆ ಫ್ರಿಜ್ಜಿನಲ್ಲಿ ಇಡಿ. ಅಲ್ಲಿ 24 ಗಂಟೆ ತಡೆಯುತ್ತದೆ. ಇ. ಕೋಲೈ ಅನುಕೂಲ ಸಿಕ್ಕಿದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಬಸ್ಸಿನ ಕಿಟಕಿ ಪಕ್ಕದ ಚೀಲವೇ ಒಂದು ಇನ್‌ಕ್ಯುಬೇಟರ್. ಹತ್ತು ಸಾವಿರ ಇದ್ದದ್ದು ಲಕ್ಷ ದಾಟಿ ನಮ್ಮ ಕೈಗೆ ಬರುತ್ತದೆ. ಆಂಟಿಬಯೋಟಿಕ್ ಆದರೆ ಉಲ್ಟಾ, ಸೋಂಕು ಇದ್ದರೂ ಪ್ಲೇಟು ಖಾಲಿ. ಮೊದಲ ಮಾತ್ರೆ ನುಂಗುವ ಮುಂಚೆಯೇ ಸ್ಯಾಂಪಲ್ ಕೊಡಿ. ನುಂಗಿ ಆಗಿದ್ದರೆ ಮಾತ್ರೆಯ ಹೆಸರು ಹೇಳಿ. ನಾವೇನು ಬೈಯುವುದಿಲ್ಲ. ಸರಿ, ಸ್ವಲ್ಪ ಬೈಯುತ್ತೇವೆ.

ಕಫದ ಕಥೆ ಇನ್ನೂ ಜಾಸ್ತಿ. ಬೆಳಿಗ್ಗೆ ಬಾಯಿ ಮುಕ್ಕಳಿಸಿ, ಎದೆಯ ಆಳದಿಂದ ಕೆಮ್ಮಿ ತನ್ನಿ ಅಂದರೆ ಎಂಜಲು ತರುತ್ತಾರೆ. ಮೈಕ್ರೋಸ್ಕೋಪಿನ ಕಡಿಮೆ ಪವರಿನಲ್ಲಿ ಒಂದು ಫೀಲ್ಡಿಗೆ ಹತ್ತಕ್ಕಿಂತ ಜಾಸ್ತಿ ಬಾಯಿಯ ಚರ್ಮದ ಕೋಶ ಕಂಡರೆ ಅದು ಎಂಜಲೇ, ಕಲ್ಚರಿಗೆ ತಗೊಳ್ಳುವುದಿಲ್ಲ. ಈ ಲೆಕ್ಕವನ್ನು ನಮ್ಮ ಮಕ್ಕಳು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ, ಕೌಂಟರಿನಲ್ಲಿ ಮಾತ್ರ ಹೇಳಲು ಹೆದರುತ್ತಾರೆ. ಹೇಳಿದರೆ ಬರುವ ಉತ್ತರ, "ಡಬ್ಬಿ ತುಂಬ ಕೊಟ್ಟಿದ್ದೆನಲ್ಲ?" ಕೊಟ್ಟದ್ದು ಹೌದು, ಡಬ್ಬಿ ತುಂಬ ಎಂಜಲೇ.