ಮುಳ್ಳು ಮಧ್ಯದಲ್ಲೇ ನಿಂತಿತ್ತು

ವಿಮಾನದ ಮೀಟರಿನ ಮುಳ್ಳು ನೆಟ್ಟಗೆ ಮಧ್ಯದಲ್ಲಿ ನಿಂತಿತ್ತು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಪರವಾಗಿಲ್ಲ, ಕೈ ಇನ್ನೂ ಹದದಲ್ಲೇ ಇದೆ ಅಂತ ಒಳಗೊಳಗೇ ಖುಷಿಪಟ್ಟೆ.

ಪಕ್ಕದಲ್ಲಿ ನಮ್ಮ ಫ್ಲೈಯಿಂಗ್ ಸ್ಕೂಲಿನ ಹಿರಿಯ ಇನ್‌ಸ್ಟ್ರಕ್ಟರ್ ಕೂತಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮುಳ್ಳಿನ ಹತ್ತಿರ ಕೆಂಪಗೆ ಏನೋ ಕಾಣ್ತಿದೆಯಲ್ಲ, ಏನದು?" ಅಂದರು.

ಅದು ಫ್ಲ್ಯಾಗ್. ಸಿಗ್ನಲ್ ಬರುತ್ತಿಲ್ಲ ಅಂತ ಹೇಳುವ ಕೆಂಪು ಪಟ್ಟಿ. ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ವಿಮಾನ ನಿಲ್ದಾಣದ ಐಎಲ್‌ಎಸ್ (ಹೊರಗೆ ಏನೂ ಕಾಣದಾಗ ರನ್‌ವೇಗೆ ದಾರಿ ತೋರಿಸುವ ರೇಡಿಯೋ ಸಿಗ್ನಲ್) ಫ್ರೀಕ್ವೆನ್ಸಿಯನ್ನು ನಾನು ರೇಡಿಯೋದಲ್ಲಿ ಹಾಕಿದ್ದೆ, ನಿಜ. ಆದರೆ ಅದು ಸ್ಟ್ಯಾಂಡ್‌ಬೈ ಕಿಟಕಿಯಲ್ಲೇ ಕೂತಿತ್ತು. ಒಂದು ಗುಂಡಿ ಒತ್ತಿ ಆಕ್ಟಿವ್ ಮಾಡಬೇಕಿತ್ತು, ಮಾಡಿರಲಿಲ್ಲ. ಮುಳ್ಳು ಮಧ್ಯದಲ್ಲಿ ನಿಂತಿದ್ದು ನನ್ನ ಕೈಚಳಕದಿಂದಲ್ಲ, ಅದಕ್ಕೆ ಜೀವವೇ ಇಲ್ಲದ್ದರಿಂದ.

ಫ್ರೀಕ್ವೆನ್ಸಿ ಹಾಕಿದ ಮೇಲೆ ಅದರ ಮೋರ್ಸ್ ಗುರುತನ್ನು ಕಿವಿಯಿಂದ ಕೇಳಿ ಖಚಿತ ಮಾಡಿಕೊಳ್ಳಬೇಕು. ಐಎಲ್‌ಎಸ್ ಆದರೆ 'ಐ' ಅಕ್ಷರದ ಎರಡು ಚುಕ್ಕಿಯಿಂದ ಶುರುವಾಗುತ್ತದೆ. ಕೇಳಿದ್ದರೆ ಆವತ್ತೇ, ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಇದನ್ನು ಮರೆತ ವಿದ್ಯಾರ್ಥಿಗಳಿಗೆ ನಾನೇ ಎಷ್ಟು ಸಲ ಬೈದಿದ್ದೇನೋ, ಲೆಕ್ಕವಿಲ್ಲ.

ನಾನು ಸ್ಯಾನ್ ಹೋಸೆಯ ರೀಡ್-ಹಿಲ್‌ವ್ಯೂ ನಿಲ್ದಾಣದಲ್ಲಿ ವಿಮಾನ ಹಾರಿಸುವುದನ್ನು ಕಲಿಸುತ್ತೇನೆ. ಜಾಸ್ತಿ ಬರುವವರು ಹೊಸಬರು. ಬಿಸಿಲಲ್ಲಿ ಮೇಲೇಳುವುದು, ಇಳಿಯುವುದು, ಮತ್ತೆ ಮೇಲೇಳುವುದು. ನಡುನಡುವೆ ಒಬ್ಬಿಬ್ಬರು ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ ಬರುತ್ತಾರೆ. ಅಂದರೆ ಹೊರಗೆ ಏನೂ ಕಾಣದಿದ್ದಾಗ ಬರೀ ಮೀಟರುಗಳನ್ನು ನೋಡಿ ಹಾರಿಸುವ ವಿದ್ಯೆ.

ಅಮೆರಿಕದ ನಿಯಮ ಹೀಗಿದೆ. ಹಿಂದಿನ ಆರು ತಿಂಗಳಲ್ಲಿ ಆರು ಅಪ್ರೋಚ್ (ಮೀಟರು ನೋಡಿ ರನ್‌ವೇ ಕಡೆ ಇಳಿದು ಬರುವುದು), ಹೋಲ್ಡಿಂಗ್ (ಹೇಳಿದ ಜಾಗದಲ್ಲೇ ಸುತ್ತು ಹಾಕುತ್ತಾ ಕಾಯುವುದು), ಕೋರ್ಸ್ ಹಿಡಿದು ಅದರ ಮೇಲೇ ಹೋಗುವುದು, ಇಷ್ಟು ಲಾಗ್‌ಬುಕ್ಕಿನಲ್ಲಿ ಇರಬೇಕು. ಇಲ್ಲದಿದ್ದರೆ ಮೋಡದೊಳಗೆ ಹೋಗುವಂತಿಲ್ಲ. ಇನ್ನೂ ಆರು ತಿಂಗಳು ಹಾಗೇ ಬಿಟ್ಟರೆ ಇನ್‌ಸ್ಟ್ರಕ್ಟರ್ ಒಬ್ಬರ ಮುಂದೆ ಐಪಿಸಿ ಅನ್ನುವ ಪರೀಕ್ಷೆ ಕೊಡಬೇಕು. ನನ್ನ ಪುಸ್ತಕದಲ್ಲಿ ಆರು ಅಪ್ರೋಚ್ ಇತ್ತು. ಹೇಗೆ ಅಂದರೆ, ನಿಜವಾದ ಮೋಡದಲ್ಲಿ ವಿದ್ಯಾರ್ಥಿ ಹಾರಿಸಿದ ಅಪ್ರೋಚನ್ನು ಪಕ್ಕದಲ್ಲಿರುವ ಇನ್‌ಸ್ಟ್ರಕ್ಟರ್ ಕೂಡ ಬರೆದುಕೊಳ್ಳಬಹುದು. ದುಡಿದವರು ಅವರು, ಲೆಕ್ಕ ನನ್ನದು. ಕಾಗದದ ಮೇಲೆ ನಾನು ಅಚ್ಚುಕಟ್ಟು.

ಸೈಕಲ್ ಹೊಡೆಯುವುದು ಮರೆಯಲ್ಲ ಅಂತಾರಲ್ಲ, ಇದು ಅಂಥದ್ದಲ್ಲ. ಮರೆತದ್ದು ಏನು ಅಂತ ಮನೆಗೆ ಬಂದು ಯೋಚಿಸಿದೆ. ವಿಮಾನ ನೆಟ್ಟಗೆ ಹಿಡಿಯುವುದು ಮರೆತಿರಲಿಲ್ಲ. ಯಾವುದಾದಮೇಲೆ ಯಾವುದು ಅನ್ನುವ ಸರಣಿ ಮರೆತಿತ್ತು. ನೆಲದಿಂದ ಏರ್ ಟ್ರಾಫಿಕ್ ಕಂಟ್ರೋಲರ್ ಮಾತಾಡುತ್ತಿರುತ್ತಾರೆ, ಎತ್ತರ ಹಿಡಿಯಬೇಕು, ರೇಡಿಯೋ ತಿರುಗಿಸಬೇಕು, ನಕ್ಷೆ ನೋಡಬೇಕು. ಪಕ್ಕದ ಸೀಟಿನಲ್ಲಿ ಕೂತಾಗ ಇದರಲ್ಲಿ ಅರ್ಧ ಕೆಲಸ ಬೇರೆಯವರ ತಲೆಯಲ್ಲಿ ನಡೆಯುತ್ತದೆ. ನಮಗೆ ತಪ್ಪು ಹುಡುಕುವುದಷ್ಟೇ ಕೆಲಸ. ಅದೊಂದು ಬೇರೆಯೇ ವಿದ್ಯೆ.

ವಿಮಾನದ ಬಾಡಿಗೆ ಗಂಟೆಗೆ ಹತ್ತಿರ ಹತ್ತಿರ 200 ಡಾಲರ್. ಒಂದು ಗಂಟೆಯಲ್ಲಿ ಎರಡು ಮೂರು ಅಪ್ರೋಚ್ ಆದರೆ ದೊಡ್ಡದು. ಹಾಗಾಗಿ ಮಗಳ ಹಳೇ ಕಂಪ್ಯೂಟರಿನಲ್ಲಿ ಎಕ್ಸ್-ಪ್ಲೇನ್ ಅನ್ನುವ ಸಿಮ್ಯುಲೇಟರ್ ಹಾಕಿದೆ. ಸೆಕೆಂಡ್‌ ಹ್ಯಾಂಡ್ ಯೋಕ್ (ವಿಮಾನದ ಸ್ಟೀರಿಂಗ್) ಒಂದನ್ನು ಮೇಜಿಗೆ ಬಿಗಿದೆ. ಈ ಗಂಟೆಗಳು ಲಾಗ್‌ಬುಕ್ಕಿಗೆ ಬರುವುದಿಲ್ಲ. ಲೆಕ್ಕಕ್ಕೆ ಬರಬೇಕಾದರೆ ಅಮೆರಿಕದ ವಿಮಾನಯಾನ ಇಲಾಖೆಯಾದ ಎಫ್‌ಎಎ ಒಪ್ಪಿಗೆ ಪತ್ರ ಇರುವ ಯಂತ್ರವೇ ಆಗಬೇಕು, ಅದನ್ನು ಎಟಿಡಿ ಅಂತಾರೆ. 2018ರಲ್ಲಿ ನಿಯಮ ಸಡಿಲಿಸಿ, ಅದರಲ್ಲಿ ಇನ್‌ಸ್ಟ್ರಕ್ಟರ್ ಇಲ್ಲದೆ ಒಬ್ಬರೇ ಕೂತು ಆರು ಅಪ್ರೋಚ್ ಮಾಡಿದರೂ ನಡೆಯುತ್ತದೆ ಅಂದರು. ನನಗೆ ಬೇಕಾಗಿದ್ದುದು ಲೆಕ್ಕವಲ್ಲ. ಲೆಕ್ಕ ಆಗಲೇ ಇತ್ತಲ್ಲ!

ನೆಲದ ಮೇಲೆ ಕೂತು ಮೋಡ ಕಲಿಯುವುದು ಹೊಸದೇನೂ ಅಲ್ಲ. 1929ರಲ್ಲಿ ಜಿಮ್ಮಿ ಡೂಲಿಟಲ್ ಮುಚ್ಚಿದ ಕಾಕ್‌ಪಿಟ್‌ನಲ್ಲಿ ಬರೀ ಮೀಟರು ನೋಡಿ ಮೇಲೆದ್ದು ಇಳಿದು ತೋರಿಸಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ನಲ್ಲಿ ಎಡ್ವಿನ್ ಲಿಂಕ್ ತಮ್ಮ ಟ್ರೇನರ್ ಕಟ್ಟಿದರು. ಅವರಪ್ಪನದು ಪಿಯಾನೋ, ಆರ್ಗನ್ ಮಾಡುವ ಕಾರ್ಖಾನೆ. ಟ್ರೇನರನ್ನು ಅಲ್ಲಾಡಿಸಿದ್ದು ಆರ್ಗನ್ನಿನ ತಿದಿಗಳೇ. 1934ರಲ್ಲಿ ಅಮೆರಿಕದ ಸೇನೆ ಅಂಚೆ ಸಾಗಿಸಲು ಹೋಗಿ, ಕೆಟ್ಟ ಹವೆಯಲ್ಲಿ ಪೈಲಟ್‌ಗಳನ್ನು ಕಳೆದುಕೊಂಡಿತು. ಆಮೇಲೆ ಆರು ಲಿಂಕ್ ಟ್ರೇನರ್ ಕೊಂಡಿತು. ನನ್ನ ಮೇಜಿನ ಮೇಲಿರುವುದು ಅದರ ಮೊಮ್ಮಗು.

ಮೊದಲ ವಾರ ಸಿಮ್ಯುಲೇಟರನ್ನು ಅಲ್ಲೇ ತಡೆದು ನಿಲ್ಲಿಸುವ ಪಾಝ್ ಗುಂಡಿಯನ್ನೇ ಜಾಸ್ತಿ ಒತ್ತಿದೆ ಅನ್ನಬೇಕು. ಕೆಲಸ ಮೈಮೇಲೆ ಬಂತು ಅನ್ನಿಸಿದ ತಕ್ಷಣ ನಿಲ್ಲಿಸುವುದು. ಈಗ ನಾನು ಎಲ್ಲಿದ್ದೇನೆ? ಮುಂದಿನ ಎರಡು ಕೆಲಸ ಯಾವುವು? ಕಾಗದದ ಮೇಲೆ ಬರೆಯುವುದು. ಆಮೇಲೆ ಮುಂದುವರಿಸುವುದು. ನಿಜವಾದ ಆಕಾಶದಲ್ಲಿ ಸಿಗದ ಸೌಲಭ್ಯ ಇದೊಂದೇ. ನಾನು ಚಾರ್ಮಾಡಿ ಘಾಟಿ ಹತ್ತಿರದವನು. ಅಲ್ಲಿ ಮಂಜು ಮುಸುಕಿದರೆ ಡ್ರೈವರ್ ಬಸ್ಸು ಪಕ್ಕಕ್ಕೆ ಹಾಕಿ ಬೀಡಿ ಸೇದುತ್ತಾನೆ. ವಿಮಾನಕ್ಕೆ ಪಕ್ಕ ಅನ್ನುವುದೇ ಇಲ್ಲ.

ಬರೆದ ಕಾಗದ ನೋಡಿದಾಗ ಒಂದು ವಿಷಯ ಗೊತ್ತಾಯಿತು. ನಾನು ಎಡವುತ್ತಿದ್ದುದೆಲ್ಲ ಒಂದೇ ಜಾಗದಲ್ಲಿ. ಕೊನೆಯ ತಿರುವಿಗೆ ಸ್ವಲ್ಪ ಮುಂಚೆ. ಅಲ್ಲಿ ಇಳಿಯುವುದು, ತಿರುಗುವುದು, ವೇಗ 90 ನಾಟ್‌ಗೆ ತರುವುದು, ರೇಡಿಯೋ, ಎಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಅದಕ್ಕೆ ರೇಡಿಯೋ ಕೆಲಸವನ್ನೆಲ್ಲ ಹತ್ತು ಮೈಲಿ ಹಿಂದಕ್ಕೆ ಎಳೆದೆ. ಬೇರೆ ಯಾವ ಜಾಣತನವೂ ಇಲ್ಲ. ಸಿಮ್ಯುಲೇಟರ್‌ನಲ್ಲಿ ವಿಮಾನವನ್ನು ಎತ್ತಿ ಆ ತಿರುವಿನ ಮುಂದೆ ಇಟ್ಟರಾಯಿತು. ಒಂದೇ ಸಂಜೆ ಎಂಟು ಸಲ ಅದೇ ತಿರುವು.

ಎರಡನೇ ವಾರದಿಂದ ಪಾಝ್ ಗುಂಡಿ ಮುಟ್ಟಬಾರದು ಅಂತ ಕಟ್ಟುಪಾಡು ಮಾಡಿಕೊಂಡೆ. ಕಂಟ್ರೋಲರ್ ಜೊತೆ ಆಡುವ ಮಾತನ್ನು ಗೋಡೆಗೆ ಗಟ್ಟಿಯಾಗಿ ಹೇಳಿದೆ. ಮನಸ್ಸಿನಲ್ಲೇ ಹೇಳಿಕೊಂಡರೆ ಸಾಲದು. ಬಾಯಿ ಆಡುವಾಗ ಕಣ್ಣು ನಿಲ್ಲುತ್ತದೆ, ಅಲ್ಲೇ ಎತ್ತರ ನೂರಡಿ ಜಾರುತ್ತದೆ. ಆಮೇಲೆ ಪೈಲಟ್‌ಎಡ್ಜ್ ಅನ್ನುವ ಆನ್‌ಲೈನ್ ಸೇವೆಗೆ ಸೇರಿದೆ. ಅಲ್ಲಿ ದುಡ್ಡು ಕೊಟ್ಟರೆ ಆ ಕಡೆ ನಿಜವಾದ ಮನುಷ್ಯರು ಕಂಟ್ರೋಲರ್ ಆಗಿ ಮಾತಾಡುತ್ತಾರೆ. ತಡವರಿಸಿದರೆ ಇನ್ನೊಂದು ಸಲ ಕೇಳುತ್ತಾರೆ. ಆ ಮುಜುಗರವೂ ಒಳ್ಳೆಯ ಮೇಷ್ಟ್ರೇ.

ಸಿಮ್ಯುಲೇಟರ್‌ನಲ್ಲಿ ಹವೆ ಇಡುವುದು ಮಗಳ ಕೆಲಸ. ಮೋಡದ ತಳ ಎಷ್ಟು ಅಡಿ ಅಂತ ನನಗೆ ಹೇಳುವ ಹಾಗಿಲ್ಲ. 200 ಅಡಿಗೆ ಬಂದಾಗ ರನ್‌ವೇ ಕಂಡರೆ ಇಳಿಯುವುದು, ಕಾಣದಿದ್ದರೆ ಮತ್ತೆ ಮೇಲೇರುವುದು. ಗೊತ್ತಿದ್ದು ಮಾಡಿದರೆ ಅದು ಅಭ್ಯಾಸವೇ ಅಲ್ಲ. ಎರಡು ದಿನ ಆದಮೇಲೆ ಅವಳು ವ್ಯಾಕ್ಯೂಮ್ ಪಂಪ್ ಕೆಡಿಸುವುದು ಎಲ್ಲಿ ಅಂತ ಕಂಡುಹಿಡಿದಳು. ಪಂಪ್ ಹೋದರೆ ವಿಮಾನದ ಓರೆ ತೋರಿಸುವ ಮೀಟರು ಮೆಲ್ಲಗೆ ಸುಳ್ಳು ಹೇಳಲು ಶುರುಮಾಡುತ್ತದೆ. ನಾನು ಅದನ್ನೇ ನಂಬಿ ಗಿರಕಿ ಹೊಡೆಯುವುದನ್ನು ನೋಡಿ ಅವಳಿಗೆ ಸಿಕ್ಕ ಸಂತೋಷ ಅಷ್ಟಿಷ್ಟಲ್ಲ.

ಆಗ ಅಮ್ಮ ಊರಿಂದ ಬಂದಿದ್ದರು. "ಎಂತ ಮಾರಾಯ, ತಲೆ ಬೆಳ್ಳಗಾಯ್ತು, ಇನ್ನೂ ಗೇಮ್ ಆಡ್ತಾ ಕೂತಿದ್ದೀಯಲ್ಲ" ಅಂದರು. ಕೆಲಸ ಅಮ್ಮಾ ಅಂದರೆ ನಂಬಲಿಲ್ಲ. ರನ್‌ವೇಗೆ ಇನ್ನೂ ನಾಲ್ಕು ಮೈಲಿ ಇದೆ ಅನ್ನುವಾಗಲೇ ಬಾಗಿಲಲ್ಲಿ ನಿಂತು, "ರಾತ್ರಿಗೆ ಅಕ್ಕಿ ರೊಟ್ಟಿ ಮಾಡ್ಲಾ, ಕಡುಬು ಮಾಡ್ಲಾ?" ಅಂತ ಕೇಳುತ್ತಿದ್ದರು. ಮೊದಮೊದಲು ಸಿಡುಕಿದೆ. ಆಮೇಲೆ ಹೊಳೆಯಿತು. ಕಂಟ್ರೋಲರ್ ಕೂಡ ಮಾತಾಡಿಸುವುದು ಸರಿಯಾಗಿ ಅದೇ ಹೊತ್ತಿಗೆ. "ಒಂದ್ನಿಮಿಷ ಅಮ್ಮಾ" ಅಂತ ಹೇಳಿ, ಮುಳ್ಳು ಮಧ್ಯಕ್ಕೆ ತಂದು, ಆಮೇಲೆ "ರೊಟ್ಟಿ" ಅಂದೆ. ಅಮ್ಮನಿಗೆ ಗೊತ್ತಿಲ್ಲದೆ ನನಗೆ ಪಾಠ ನಡೆಯುತ್ತಿತ್ತು.

ಮೂರು ವಾರ ಕಳೆದು ಅದೇ ಹಿರಿಯರ ಜೊತೆ ಮತ್ತೆ ಸ್ಟಾಕ್‌ಟನ್‌ಗೆ ಹೋದೆ. ಹೊರಗಿನದು ಕಾಣದ ಹಾಗೆ ಮಬ್ಬು ಗಾಜಿನ ಕನ್ನಡಕ ನನಗೆ, ಹೊರಗೆ ನೋಡುವ ಕೆಲಸ ಅವರಿಗೆ. ಗುಂಡಿ, ಫ್ರೀಕ್ವೆನ್ಸಿ, ಎರಡು ಚುಕ್ಕಿ, ಎಲ್ಲ ತಾನಾಗಿ ಬಂತು. ವಿಮಾನ ಹಾರಿಸುವುದು ಸಿಮ್ಯುಲೇಟರಿಗಿಂತ ಸುಲಭ ಅನ್ನಿಸಿತು. ನನ್ನ ಯೋಕ್‌ಗೆ ಭಾರವೇ ಇಲ್ಲ, ಮುಟ್ಟಿದರೆ ಮೂತಿ ಎತ್ತುತ್ತದೆ. ನಿಜವಾದ ಸೆಸ್ನಾ 172 ಪಾಪದ ಎಮ್ಮೆ.

ಆದರೆ ಒಂದು ಕೆಟ್ಟ ಚಾಳಿ ಅಂಟಿಕೊಂಡಿತ್ತು. ವಿಮಾನದ ಮೂತಿಯನ್ನು ಬೇಕಾದ ಮಟ್ಟದಲ್ಲಿ ನಿಲ್ಲಿಸುವ ಟ್ರಿಮ್ ಚಕ್ರವನ್ನು, ಯೋಕ್‌ನಿಂದ ಕೈಗೆ ಬರುವ ಒತ್ತಡ ನೋಡಿ ತಿರುಗಿಸಬೇಕು. ಮನೆಯಲ್ಲಿ ಒತ್ತಡವೇ ಇಲ್ಲವಲ್ಲ, ಮೀಟರು ನೋಡಿ ತಿರುಗಿಸಿ ಅಭ್ಯಾಸವಾಗಿತ್ತು. "ಕೈಯಿಂದ ಕೇಳು, ಕಣ್ಣಿಂದಲ್ಲ" ಅಂತ ಹಿರಿಯರು ಎರಡು ಸಲ ಹೇಳಿದರು.

ಇನ್ನೊಂದು ಸಂಗತಿ ಗೊತ್ತಾಗಿದ್ದು ಮುಂದಿನ ವಾರ. ಜೂನ್ ತಿಂಗಳು. ಸಮುದ್ರದಿಂದ ಬಂದ ಮೋಡ ಮಾಂಟೆರೆಯ ಮೇಲೆ ಹಾಸಿಗೆ ಹಾಸಿದ ಹಾಗೆ ಬಿದ್ದಿತ್ತು. ಈ ಸಲ ಕನ್ನಡಕ ಬೇಕಿರಲಿಲ್ಲ. ಒಳಗೆ ಹೋದದ್ದೇ ಸುತ್ತ ಬೆಳ್ಳನೆ ಗೋಡೆ. ಕಂಟ್ರೋಲರ್ ಹೊಸ ದಿಕ್ಕು ಕೊಟ್ಟರು. ತಿರುಗಿಸುತ್ತಲೇ ತೊಡೆಯ ಮೇಲಿನ ಟ್ಯಾಬ್ಲೆಟ್ ನೋಡಲು ತಲೆ ಬಗ್ಗಿಸಿ, ಎತ್ತಿದೆ. ಅಷ್ಟೇ. ವಿಮಾನ ಮಗುಚಿಕೊಳ್ಳುತ್ತಿದೆ ಅಂತ ಇಡೀ ಮೈ ಹೇಳಿತು. ಹೊಟ್ಟೆ ತೊಳಸಿತು. ಮೀಟರು ಮಾತ್ರ, ಏನೂ ಆಗಿಲ್ಲ, ಮೆಲ್ಲಗೆ ಎಡಕ್ಕೆ ತಿರುಗುತ್ತಿದ್ದೀಯ ಅನ್ನುತ್ತಿತ್ತು.

ಒಳಗಿವಿಯ ನೀರಿನ ಆಟ ಇದು. ವಿಮಾನ ತಿರುಗುವಾಗ ತಲೆಯನ್ನೂ ಅಲ್ಲಾಡಿಸಿದರೆ ಅದಕ್ಕೆ ದಿಕ್ಕು ಕೆಡುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದವರು 1954ರಲ್ಲಿ ಮೀಟರು ನೋಡಿ ಹಾರಿಸಲು ಬಾರದ 20 ಪೈಲಟ್‌ಗಳನ್ನು ಮೋಡದಂಥ ಸ್ಥಿತಿಗೆ ದೂಡಿ ನೋಡಿದ್ದರು. ವಿಮಾನ ಕೈತಪ್ಪಲು ಹಿಡಿದದ್ದು ಸರಾಸರಿ 178 ಸೆಕೆಂಡ್. ಇದನ್ನು ನಾನು ತರಗತಿಯಲ್ಲಿ ಹೇಳುತ್ತೇನೆ. ಆವತ್ತು ನನ್ನ ಹೊಟ್ಟೆಯೇ ಹೇಳಿತು.

ಮನೆಯಲ್ಲಿ ಪರದೆ ಹಿಗ್ಗಿಸಿ ಎಲ್ಲ ಮೀಟರನ್ನೂ ಒಂದೇ ನೋಟಕ್ಕೆ ಕಾಣುವಂತೆ ಇಟ್ಟಿದ್ದೆ. ಕತ್ತು ಒಮ್ಮೆಯೂ ಅಲ್ಲಾಡಿರಲಿಲ್ಲ. ಕುರ್ಚಿಯಂತೂ ಅಲ್ಲಾಡುವುದೇ ಇಲ್ಲ. ಮೂರು ವಾರ ತಲೆಗೆ ಅಭ್ಯಾಸವಾಗಿತ್ತು, ಕಿವಿಗೆ ಆಗಿರಲಿಲ್ಲ. ಆದರೂ ಆ ಹೊತ್ತಿನಲ್ಲಿ ಕೈಗೆ ಬೇರೆ ಕೆಲಸ ಬಾಕಿ ಇರಲಿಲ್ಲ. ಫ್ರೀಕ್ವೆನ್ಸಿ ಹತ್ತು ಮೈಲಿ ಹಿಂದೆಯೇ ಹಾಕಿ ಆಗಿತ್ತು. ಮೀಟರನ್ನು ನಂಬಿ ಸುಮ್ಮನೆ ಕೂರುವುದಷ್ಟೇ ಉಳಿದಿತ್ತು. ಕೂತೆ. ಅರ್ಧ ನಿಮಿಷಕ್ಕೆ ಮೈ ಸರಿಹೋಯಿತು. ಇನ್ನೇನು ಮೇಲೇರಬೇಕಾದೀತು ಅಂದುಕೊಳ್ಳುವಾಗ ರನ್‌ವೇ ದೀಪ ಕಂಡಿತು.

ಈಗ ಐಪಿಸಿಗೆ ಅಂತ ಯಾರಾದರೂ ಫೋನ್ ಮಾಡಿದರೆ, ಮನೆಯಲ್ಲಿ ಸಿಮ್ಯುಲೇಟರ್ ಇದೆಯಾ ಅಂತ ಮೊದಲು ಕೇಳುತ್ತೇನೆ. ಇದ್ದರೆ ಎರಡು ವಾರದ ಹೋಮ್‌ವರ್ಕ್. ಟ್ಯಾಬ್ಲೆಟ್ಟನ್ನು ತೊಡೆಯ ಮೇಲೇ ಇಡಿ, ಪರದೆಗೆ ಅಂಟಿಸಬೇಡಿ. ಟ್ರಿಮ್ ವಿಷಯದಲ್ಲಿ ಸಿಮ್ಯುಲೇಟರನ್ನು ನಂಬಬೇಡಿ. ಮನೆಯವರು ಮಾತಾಡಿಸಲಿ, ಬಾಗಿಲು ಹಾಕಿಕೊಳ್ಳಬೇಡಿ. ವಿಮಾನಕ್ಕೆ ಬಂದ ಮೇಲೆ ಒಂದು ಸಲವಾದರೂ ನಿಜವಾದ ಮೋಡಕ್ಕೆ ಕರೆದುಕೊಂಡು ಹೋಗುತ್ತೇನೆ. ಬೇಸಿಗೆಯಲ್ಲಿ ಮಾಂಟೆರೆ ಆ ವಿಷಯದಲ್ಲಿ ಮೋಸ ಮಾಡುವುದು ಕಡಿಮೆ.

ಅಮ್ಮ ಊರಿಗೆ ವಾಪಸ್ ಹೋಗಿದ್ದಾರೆ. ರಾತ್ರಿ ಒಂಬತ್ತಕ್ಕೆ ನಾನು ಸಿಮ್ಯುಲೇಟರ್ ಮುಂದೆ ಕೂತರೆ ಅಲ್ಲಿ ಬೆಳಿಗ್ಗೆ ಒಂಬತ್ತೂವರೆ, ತಿಂಡಿ ಮುಗಿಸಿ ಫೋನ್ ಮಾಡುವ ಹೊತ್ತು. ಮೊನ್ನೆ ಕೊನೆಯ ತಿರುವಿನಲ್ಲೇ ರಿಂಗ್ ಆಯಿತು. ಎತ್ತಲಿಲ್ಲ. ಇಳಿದು, ಬ್ರೇಕ್ ಹಾಕಿ ನೋಡಿದರೆ ಒಂದು ವಾಯ್ಸ್ ಮೆಸೇಜ್: "ಮೇಲೆ ಇದ್ದೀಯ ಅಂತ ಕಾಣ್ತದೆ. ಇಳಿದ ಮೇಲೆ ಮಾಡು."